495ರ ಕಪಾಟಿನಲ್ಲಿ ಯಾರು ಯಾರ ನೆಂಟರು?

ನನ್ನದು ಕಾಲೇಜು ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಹಾಕುವ ಕೆಲಸ. ಹೊಸಬರಿಗೆ ಕೆಲಸ ಕಲಿಸುವಾಗ, ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ 495ರ ಕಪಾಟಿನ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸುತ್ತೇನೆ. ಚೀನೀ 495.1, ಟಿಬೆಟನ್ 495.4, ಜಪಾನೀ 495.6, ಕೊರಿಯನ್ 495.7, ಬರ್ಮೀ 495.8, ಥಾಯ್ 495.91. ಎಲ್ಲಾ ಒಂದೇ ಭಾಷಾ ಕುಟುಂಬ ಅಲ್ವಾ ಅಂತ ಕೇಳುತ್ತಾರೆ.

ಅಲ್ಲ. ಇಷ್ಟರಲ್ಲಿ ಸೈನೋ-ಟಿಬೆಟನ್ ಕುಟುಂಬದವು ಚೀನೀ, ಟಿಬೆಟನ್, ಬರ್ಮೀ ಮೂರೇ. ಉಳಿದವು ಪೂರ್ವ, ಆಗ್ನೇಯ ಏಷ್ಯಾದ ನೆರೆಹೊರೆ ಅಂತ ಇಲ್ಲಿವೆ, ಅಷ್ಟೇ. ನಮ್ಮ ಕನ್ನಡದ ನಂಬರು 494.814. ಅದೇ 494ರಲ್ಲಿ ಟರ್ಕಿಶ್, ಫಿನ್ನಿಶ್ ಕೂಡ ಇವೆ!

ಥಾಯ್ ಕಥೆ ಮಜವಾಗಿದೆ. ಮೂರಕ್ಕೆ ಥಾಯ್‌ನಲ್ಲಿ 'ಸಾಮ್', ದಕ್ಷಿಣ ಚೀನಾದ ಚೀನೀ ರೂಪವಾದ ಕ್ಯಾಂಟನೀಸ್‌ನಲ್ಲೂ 'ಸಾಮ್'. ಹತ್ತಕ್ಕೆ 'ಸಿಪ್', 'ಸಪ್'. ದನಿಯ ಏರಿಳಿತಕ್ಕೆ ಅರ್ಥ ಬದಲಾಗುವುದೂ ಎರಡರಲ್ಲೂ ಇದೆ. ಹೀಗಾಗಿ ಬಹಳ ಕಾಲ ಪಂಡಿತರು ಥಾಯ್ ಅನ್ನು ಚೀನೀ ಜೊತೆ ಸೇರಿಸಿದ್ದರು. ಆದರೆ ಎಣಿಕೆಯ ಪದಗಳು ವ್ಯಾಪಾರದ ಜೊತೆ ಊರೂರು ಸುತ್ತುತ್ತವೆ, ಎರವಲು ಬರುತ್ತವೆ. ಕಣ್ಣಿನಂಥ ಪದ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಟಿಬೆಟನ್ ಬರಹದಲ್ಲಿ 'ಮಿಗ್', ಬರ್ಮೀ ಬರಹದಲ್ಲಿ 'ಮ್ಯಕ್', ಮಣಿಪುರಿಯಲ್ಲಿ 'ಮಿತ್', ಚೀನೀಯ ಹಳೇ ಪದಕ್ಕೆ ಕ್ಯಾಂಟನೀಸ್ ಉಚ್ಚಾರ 'ಮುಕ್'. ಥಾಯ್‌ನಲ್ಲಿ? 'ತಾ'. ಇಂಥ ಮೂಲ ಪದಗಳನ್ನು ನೋಡಿಯೇ ಜರ್ಮನ್ ಪಂಡಿತ ಕ್ಲಾಪ್ರೋತ್ 1823ರಲ್ಲಿ ಥಾಯ್ ಬೇರೆ ಅಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1942ರಲ್ಲಿ ಅಮೆರಿಕದ ಭಾಷಾತಜ್ಞ ಪಾಲ್ ಬೆನೆಡಿಕ್ಟ್ ಮತ್ತೆ ಅದನ್ನು ಹೊರಗಿಟ್ಟರು.

ಸೈನೋ-ಟಿಬೆಟನ್ ಕುಟುಂಬದ ಒಳಗಿನ ಪಾಲು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಚೀನೀ ಒಂದು ಕವಲು, ಉಳಿದದ್ದೆಲ್ಲ ಟಿಬೆಟೋ-ಬರ್ಮನ್ ಅನ್ನುವುದು ಹಳೇ ಲೆಕ್ಕ. ಭಾಷಾತಜ್ಞ ವ್ಯಾನ್ ಡ್ರೀಮ್ ಇದನ್ನು ಒಪ್ಪುವುದಿಲ್ಲ. ಅವರಿಗೆ ಚೀನೀ ಕೂಡ ಹಲವು ಗುಂಪುಗಳ ನಡುವೆ ಒಂದು ಗುಂಪು. ಇಡೀ ಕುಟುಂಬಕ್ಕೆ ಅವರು ಇಟ್ಟ ಹೆಸರೂ ಬೇರೆ, ಟ್ರಾನ್ಸ್-ಹಿಮಾಲಯನ್. 2019ರಲ್ಲಿ ಎರಡು ತಂಡಗಳು ಕಂಪ್ಯೂಟರಿನಲ್ಲಿ ಪದಪಟ್ಟಿ ಹಾಕಿ ಲೆಕ್ಕ ಮಾಡಿದವು. ಎರಡಕ್ಕೂ ಚೀನೀಯೇ ಮೊದಲು ಕವಲೊಡೆದದ್ದು ಅಂತ ಬಂತು, ತವರು ಉತ್ತರ ಚೀನಾ. ಆದರೆ ಕುಟುಂಬದ ವಯಸ್ಸು ಒಬ್ಬರಿಗೆ ಸುಮಾರು 5,900 ವರ್ಷ, ಇನ್ನೊಬ್ಬರಿಗೆ ಸುಮಾರು 7,200.

ಅರುಣಾಚಲದ ಪುರೋಯಿಕ್, ಹ್ರುಸೋ ತರಹದ ಭಾಷೆಗಳು ಈ ಕುಟುಂಬದವೇ ಹೌದಾ ಅಂತಲೂ ಕೆಲವು ವಿದ್ವಾಂಸರು ಪ್ರಶ್ನೆ ಎತ್ತಿದ್ದಾರೆ. ಅಂಥ ಪುಸ್ತಕ ಬಂದರೆ ನಂಬರು ಡ್ಯೂಯಿ ಹೇಳಿದಂತೆ ಹಾಕಿಸುತ್ತೇನೆ. ಕ್ಯಾಟಲಾಗಿನ ವಿಷಯದ ಸಾಲಿನಲ್ಲಿ ಮಾತ್ರ ಭಾಷೆಯ ಹೆಸರು, ಅದನ್ನು ಆಡುವ ಜಾಗ ಬರೆಸುತ್ತೇನೆ. ಕುಟುಂಬದ ಹೆಸರು ಪುಸ್ತಕದವರೇ ಹೇಳಿದ್ದರೆ ಸೇರಿಸಿ, ಸುಮ್ನೆ ನೀವಾಗಿ ಹಾಕಬೇಡಿ ಅನ್ನುತ್ತೇನೆ.