ಮಧುರೈಗೆ ಎರಡು ದಿನ: ದೇವಸ್ಥಾನದ ವೇಳೆ ನೋಡಿಕೊಂಡು ಟಿಕೆಟ್ ಮಾಡಿಸಿ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಿಗ್ಗೆ ಮರಳಿ ಬರುವ ಲೆಕ್ಕದಲ್ಲಿ ಮಧುರೈಗೆ ಹೊರಡುವ ದಂಪತಿಗಳು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿಯೆಂದರೆ, ಮೀನಾಕ್ಷಿ ದೇವಸ್ಥಾನ ಮಧ್ಯಾಹ್ನ 12.30ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ 4 ಗಂಟೆಗೆ. ಬೆಳಗಿನ ಹೊತ್ತು ಕೈತಪ್ಪಿದರೆ, ವಾರಾಂತ್ಯದ ಸಂಜೆಯ ನೂಕುನುಗ್ಗಲಿನಲ್ಲಿಯೇ ದರ್ಶನ ಮಾಡಬೇಕಾಗುತ್ತದೆ. ನಮಗೆ ಆದದ್ದು ಅದೇ, ಅದಕ್ಕೆ ಕಾರಣ ನಾವು ಹತ್ತಿದ ಬಸ್ಸು.

ಮಡಿವಾಳದಿಂದ ರಾತ್ರಿ 9.45ಕ್ಕೆ ಹೊರಡಬೇಕಿದ್ದ ಖಾಸಗಿ ಸ್ಲೀಪರ್ ಬಸ್ಸು ಬಂದದ್ದು 11.50ಕ್ಕೆ. ಫೋನ್ ಮಾಡಿದಾಗಲೆಲ್ಲ "ಡೇರಿ ಸರ್ಕಲ್ ದಾಟಿದೆ ಮೇಡಂ, ಹತ್ತೇ ನಿಮಿಷ" ಎಂಬ ಒಂದೇ ಉತ್ತರ ಬರುತ್ತಿತ್ತು. ಬಂದದ್ದು ನಾವು ಬುಕ್ ಮಾಡಿದ ಬಸ್ಸೂ ಆಗಿರಲಿಲ್ಲ. ನಮ್ಮ ಬರ್ತಿನ ಮೇಲಿನ ಎ.ಸಿ. ಕಿಂಡಿಗೆ ಹಳೆಯ ಟವೆಲೊಂದನ್ನು ತುರುಕಿದ್ದರು; ಹೊಸೂರು ದಾಟುವಷ್ಟರಲ್ಲಿ ಅದು ನೆನೆದು ದಿಂಬಿನ ಮೇಲೆ ತೊಟ್ಟಿಕ್ಕತೊಡಗಿತು. ಮನೆಯವರು ದಿಂಬನ್ನು ಕಾಲ ಕಡೆಗೆ ಇಟ್ಟುಕೊಂಡು ತಿರುಗಿ ಮಲಗಿದರು, ನಾನು ದಿಂಡಿಗಲ್ಲಿನವರೆಗೂ ಕುಳಿತೇ ಇದ್ದೆ. ಬೆಳಿಗ್ಗೆ 9.15ಕ್ಕೆ ಊರ ಹೊರಗಿನ ರಿಂಗ್ ರಸ್ತೆಯಲ್ಲಿ ನಿಲ್ಲಿಸಿ, ಮಾಟ್ಟುತ್ತಾವಣಿ ಬಸ್ ನಿಲ್ದಾಣಕ್ಕೆ ಹೋಗುವುದಿಲ್ಲ, ಇಲ್ಲಿಯೇ ಇಳಿಯಿರಿ ಎಂದರು. ಟಿಕೆಟಿನಲ್ಲಿ ಮಾಟ್ಟುತ್ತಾವಣಿ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು, ತೋರಿಸಿದರೂ ಪ್ರಯೋಜನವಾಗಲಿಲ್ಲ. ಅಲ್ಲಿಂದ ಆಟೋಗೆ 400 ರೂಪಾಯಿ ಕೊಟ್ಟು ರೂಮು ಸೇರಿ, ಸ್ನಾನ ಮುಗಿಸಿ ದೇವಸ್ಥಾನದ ಮುಂದೆ ನಿಂತಾಗ ಹನ್ನೆರಡು ಹೊಡೆದಿತ್ತು, ಸರದಿ ನಿಲ್ಲಿಸಿಬಿಟ್ಟಿದ್ದರು.

ಆದ್ದರಿಂದ ರೈಲನ್ನೇ ನೋಡಿಕೊಳ್ಳಿ. ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಮಧುರೈ ತಲುಪಿಸುತ್ತದೆ, ಆದರೆ ಶುಕ್ರವಾರದ ಟಿಕೆಟ್ ಬಹಳ ಮುಂಚೆಯೇ ಮುಗಿದುಹೋಗುತ್ತದೆ. ಅರ್ಧ ದಿನ ರಜೆ ಸಿಗುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ. 2024ರಲ್ಲಿ ಆರಂಭವಾದ ವಂದೇ ಭಾರತ್ ಕಂಟೋನ್ಮೆಂಟ್‌ನಿಂದ ಮಧ್ಯಾಹ್ನ 1.30ರ ಸುಮಾರಿಗೆ ಹೊರಟು ರಾತ್ರಿ ಹತ್ತರೊಳಗೆ ಮಧುರೈಯಲ್ಲಿ ಇಳಿಸುತ್ತದೆ. ರಾತ್ರಿ ನೆಮ್ಮದಿಯಾಗಿ ಮಲಗಿ ಬೆಳಿಗ್ಗೆ 5 ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ದೇವಸ್ಥಾನದಲ್ಲಿರಬಹುದು. ಮತ್ತೊಮ್ಮೆ ಹೋದರೆ ನಾವು ಹೋಗುವುದು ಹೀಗೆಯೇ.

ರೂಮಿನ ವಿಷಯದಲ್ಲೂ ಮೋಸಹೋದೆವು. "ಗೋಪುರ ಕಾಣುವ ಕೋಣೆ" ಎಂದು 3,800 ರೂಪಾಯಿ ಮುಂಗಡವಾಗಿ ಕಟ್ಟಿಸಿಕೊಂಡಿದ್ದರು. ಕಿಟಕಿಯ ಪರದೆ ಸರಿಸಿದರೆ ಎದುರಿಗಿದ್ದದ್ದು ಪಕ್ಕದ ಕಟ್ಟಡದ ನೀರಿನ ಟ್ಯಾಂಕ್. ವಿಚಾರಿಸಿದರೆ, ಗೋಪುರ ಕಾಣುವುದು ತಾರಸಿಯಿಂದ, ತಾರಸಿ ಎಲ್ಲ ಅತಿಥಿಗಳಿಗೂ ಸೇರಿದ್ದು ಎಂದರು. ಹಣ ವಾಪಸು ಬರಲಿಲ್ಲ. ಭಾನುವಾರ ರೈಲು ನಿಲ್ದಾಣದ ಎದುರಿನ ವೆಸ್ಟ್ ಪೆರುಮಾಳ್ ಮೇಸ್ತ್ರಿ ಬೀದಿಯಲ್ಲಿ ಮನೆಯವರು ನಾಲ್ಕು ಲಾಡ್ಜುಗಳಲ್ಲಿ ಕೇಳಿಕೊಂಡು ಬಂದರು. ಶುಚಿಯಾದ ಡಬಲ್ ರೂಮು 1,300ರಿಂದ 1,500 ರೂಪಾಯಿಗೆ ಇತ್ತು, ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಹಗಲೆಲ್ಲ ಹೊರಗೆ ಸುತ್ತುವವರಿಗೆ ಅಷ್ಟು ಸಾಕು. ರೂಮನ್ನು ಕಣ್ಣಾರೆ ನೋಡಿದ ಮೇಲೆ ಹಣ ಕೊಡಿ, ರೂಮು ಖಾಲಿ ಮಾಡಲು ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೋ ಮಧ್ಯಾಹ್ನ ಹನ್ನೆರಡರ ಲೆಕ್ಕವೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಮಧುರೈಯ ಹಳೆಯ ಊರು ದೇವಸ್ಥಾನವನ್ನು ನಡುವೆ ಇಟ್ಟುಕೊಂಡು ಚೌಕದ ಹೊರಗೆ ಚೌಕವಾಗಿ ಬೆಳೆದದ್ದು. ಆಡಿ, ಚಿತ್ತಿರೈ, ಆವಣಿ ಮೂಲ, ಮಾಸಿ ಎಂದು ತಮಿಳು ತಿಂಗಳ ಹೆಸರಿನ ಬೀದಿಗಳು, ಪ್ರತಿಯೊಂದಕ್ಕೂ ನಾಲ್ಕು ದಿಕ್ಕು. ಬರಿಯ "ಮಾಸಿ ಬೀದಿ" ಎಂದರೆ ಆಟೋದವರು ನಿಮ್ಮನ್ನು ಯಾವ ಮೂಲೆಗೆ ಬೇಕಾದರೂ ಒಯ್ಯಬಹುದು. ದಿಕ್ಕುಗಳ ಹೆಸರು ಕನ್ನಡಿಗರಿಗೆ ಕಷ್ಟವಲ್ಲ: ವಡಕ್ಕು ನಮ್ಮ ಬಡಗು, ತೆರ್ಕು ನಮ್ಮ ತೆಂಕು, ಕಿಳಕ್ಕು ಎಂದರೆ ನೆಲ ತಗ್ಗುವ ಮೂಡಣ, ಮೇರ್ಕು ಎಂದರೆ ಘಟ್ಟಗಳಿರುವ ಮೇಲಿನ ಪಡುವಣ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೇವಸ್ಥಾನದ ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಹೊರಗಿನ ಕೌಂಟರಿನಲ್ಲಿ ಕೊಟ್ಟು ಚೀಟಿ ಪಡೆಯಬೇಕು. ತಪಾಸಣೆಗೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಶನಿವಾರ ಸಂಜೆ ಆ ಸಾಲುಗಳಲ್ಲಿ ಬೇರೆಯಾದ ನಾವು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ಚಪ್ಪಲಿ ಬಿಟ್ಟದ್ದು ಮೂಡಣ ಗೋಪುರದಲ್ಲಿ, ಹೊರಬಿದ್ದದ್ದು ತೆಂಕಣದಲ್ಲಿ. ಫೋನ್ ಕೊಡುವ ಮೊದಲೇ ಸೇರಬೇಕಾದ ಜಾಗವನ್ನು ಗೊತ್ತುಮಾಡಿಕೊಳ್ಳಿ. ದೇವಸ್ಥಾನದ ಒಳಗಿನ ಹೊನ್ನ ತಾವರೆ ಕೊಳದ ಮೆಟ್ಟಿಲು ಅದಕ್ಕೆ ತಕ್ಕ ಸ್ಥಳ.

ಆ ಸಂಜೆ ನಾನು ಧರ್ಮದರ್ಶನದ ಸರದಿಯನ್ನು ಬಿಟ್ಟು ಬಂದು ಆ ಮೆಟ್ಟಿಲಿನ ಮೇಲೆ ಕುಳಿತೆ. ಮುಂದೆ ಸಾಗದೆ, ಹಿಂದೆ ಬರಲೂ ಆಗದೆ ಮೈಗೆ ಮೈ ಒತ್ತಿಕೊಂಡು ನಿಲ್ಲುವುದು ನನಗೆ ಆಗದು. ಮನೆಯವರು ಒಂದೂಮುಕ್ಕಾಲು ಗಂಟೆ ನಿಂತು ದರ್ಶನ ಮಾಡಿ ಬಂದರು, ಅವರಿಗೆ ಅದರಲ್ಲಿ ಯಾವ ದೂರೂ ಇಲ್ಲ. ನನ್ನಂಥವರು ಏಪ್ರಿಲ್–ಮೇ ನಡುವಿನ ಚಿತ್ತಿರೈ ಉತ್ಸವದ ದಿನಗಳಲ್ಲಿ ಈ ಊರಿನ ಕಡೆ ಹೋಗದಿರುವುದು ಒಳ್ಳೆಯದು. ಆದರೆ ರಾತ್ರಿ ಒಂಬತ್ತರ ಹೊತ್ತಿಗೆ ಮತ್ತೊಮ್ಮೆ ಒಳಗೆ ಹೋಗಿ. ಜನ ಕರಗಿರುತ್ತಾರೆ. ಮೀನಾಕ್ಷಿಯ ಪತಿ ಸುಂದರೇಶ್ವರನ (ಶಿವನ) ಪಾದುಕೆಗಳನ್ನು ಬೆಳ್ಳಿಯ ಪಲ್ಲಕ್ಕಿಯಲ್ಲಿಟ್ಟು, ವಾದ್ಯ, ಧೂಪಗಳೊಡನೆ ಮೀನಾಕ್ಷಿಯ ಪಳ್ಳಿಯರೆಗೆ, ಎಂದರೆ ಶಯನಗೃಹಕ್ಕೆ, ಕರೆತರುತ್ತಾರೆ. ಪಲ್ಲಕ್ಕಿ ನಮ್ಮಿಂದ ನಾಲ್ಕು ಮೊಳ ದೂರದಲ್ಲಿ ಹಾದುಹೋಯಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬರು ತಮ್ಮ ಜಾಗದಲ್ಲಿ ನನ್ನನ್ನು ನಿಲ್ಲಿಸಿ ತಾವು ಹಿಂದೆ ಸರಿದರು. ಹಗಲಿನ ಬೇಸರವೆಲ್ಲ ನನಗೆ ಅಲ್ಲಿ ಇಳಿಯಿತು. ದಂಪತಿಗಳಾಗಿ ಹೋಗುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಭಾನುವಾರ ಬೆಳಿಗ್ಗೆ ಐದಕ್ಕೆ ಹೋದಾಗ ನನ್ನ ದರ್ಶನ ಅರ್ಧ ಗಂಟೆಯೊಳಗೆ ಮುಗಿಯಿತು. ದರ್ಶನದ ಟಿಕೆಟ್ ಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಅಲ್ಲಿಂದ ಹೊರಟು ಪಡುವಣ ಮಾಸಿ ಬೀದಿಯ ಒಂದು ಸಂದಿಯಲ್ಲಿ ನಾವು ತಿಂದ ಇಡ್ಲಿಯನ್ನು ಎಷ್ಟು ಹೊಗಳಿದರೂ ನನಗೆ ತೃಪ್ತಿಯಿಲ್ಲ. ಬೋರ್ಡಿಲ್ಲದ ಅಂಗಡಿ, ಎರಡು ಬೆಂಚು. ತೂತುಗಳಿರುವ ಅಗಲವಾದ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುತ್ತಾರೆ. ಬೆಂದ ಮೇಲೆ ತಟ್ಟೆಯನ್ನು ಮಗುಚಿ, ಬಟ್ಟೆಯ ಬೆನ್ನಿಗೆ ಒಂದು ಬೊಗಸೆ ತಣ್ಣೀರು ಚಿಮುಕಿಸಿ ಎಳೆದರೆ ಇಡ್ಲಿಗಳು ಬಟ್ಟೆಯ ನೇಯ್ಗೆಯ ಗುರುತನ್ನು ಹೊತ್ತು ಬಿಡಿಬಿಡಿಯಾಗಿ ಬಾಳೆಲೆಗೆ ಬೀಳುತ್ತವೆ. ನಮ್ಮ ಕಡೆಯ ರವೆ ಇಡ್ಲಿಯ ತರಿಯಾಗಲಿ ತಟ್ಟೆ ಇಡ್ಲಿಯ ಗಟ್ಟಿತನವಾಗಲಿ ಇದಕ್ಕಿಲ್ಲ, ಬೆರಳು ತಾಗಿಸಿದರೆ ಕುಸಿಯುವಷ್ಟು ಮೃದು. ಜೊತೆಗೆ ತೆಂಗಿನಕಾಯಿಯ ಬಿಳಿ ಚಟ್ನಿ, ಈರುಳ್ಳಿ–ಟೊಮೆಟೊದ ಕೆಂಪು ಚಟ್ನಿ, ಕೊತ್ತಂಬರಿಯ ಹಸಿರು ಚಟ್ನಿ, ತೆಳು ಸಾಂಬಾರು, ಕೇಳಿದರೆ ಎಳ್ಳೆಣ್ಣೆಯಲ್ಲಿ ಕಲಸಿದ ಪುಡಿ. ನಾವು ಕನ್ನಡದಲ್ಲಿ ಮಾತನಾಡಿಕೊಳ್ಳುತ್ತಿದ್ದುದನ್ನು ಕೇಳಿ ಅಂಗಡಿಯಾಕೆ, "ಇನ್ನೆರಡು ಇಕ್ಕಲಾ?" ಎಂದರು. ಅವರದು ದೇವಾಂಗ ನೇಕಾರರ ಮನೆತನ. ತಲೆಮಾರುಗಳಿಂದ ಮಧುರೈಯಲ್ಲಿದ್ದರೂ ಮನೆಮಾತು ಕನ್ನಡವಂತೆ, ಓದಲು ಬರೆಯಲು ಮಾತ್ರ ತಮಿಳು. ಬಡಿಸುವುದಕ್ಕೆ "ಇಕ್ಕು" ಎನ್ನುವುದನ್ನು ನನ್ನ ಅಜ್ಜಿಯ ಬಾಯಲ್ಲಿ ಕೇಳಿದ ಮೇಲೆ ಮತ್ತೆ ಕೇಳಿದ್ದು ಅಲ್ಲಿಯೇ. ಹನ್ನೊಂದು ಇಡ್ಲಿ, ಎರಡು ವಡೆ, ಇಬ್ಬರಿಗೂ ಸೇರಿ 97 ರೂಪಾಯಿ. ಒಂಬತ್ತೂವರೆಗೆ ಹಿಟ್ಟು ಮುಗಿಯುತ್ತದೆ, ಬೇಗ ಹೋಗಿ.

ವಿಳಕ್ಕುತ್ತೂಣ್ (ದೀಪಸ್ತಂಭ) ಬಳಿ ಸಿಗುವ ಜಿಗರ್‌ಥಂಡಾ ಎಂಬ ತಣ್ಣನೆಯ ಹಾಲಿನ ಪಾನೀಯ ಎಲ್ಲರೂ ಹೇಳುವಂಥದ್ದೇ. ನಮ್ಮ ನಾಲಿಗೆಗೆ ಸಿಹಿ ಹೆಚ್ಚಾಯಿತು, ಇಬ್ಬರಿಗೆ ಒಂದು ಲೋಟ ಸಾಕು. ಅದಕ್ಕಿಂತ ಸಂಜೆ ಗಾಡಿಗಳಲ್ಲಿ ಸಿಗುವ ಪರುತ್ತಿಪಾಲ್ ಕುಡಿಯಿರಿ. ಹತ್ತಿಬೀಜದ ಹಾಲಿಗೆ ಬೆಲ್ಲ, ಶುಂಠಿ ಹಾಕಿ ಕುದಿಸಿದ್ದು, ಬಸ್ಸಿನ ರಾತ್ರಿಯಿಂದ ಕಟ್ಟಿಕೊಂಡಿದ್ದ ನನ್ನ ಗಂಟಲಿಗೆ ಹಿತವಾಯಿತು.

1636ರ ತಿರುಮಲೈ ನಾಯಕರ ಅರಮನೆಯ ಕಂಬಗಳು ಭವ್ಯ, ಅರ್ಧ ಗಂಟೆ ಸಾಕು. ಗಾಂಧಿ ವಸ್ತುಸಂಗ್ರಹಾಲಯಕ್ಕೆ ಮಾತ್ರ ಸಮಯ ಕೊಡಿ. ರಾಣಿ ಮಂಗಮ್ಮಾಳ್ ಕಾಲದ ಅರಮನೆಯಲ್ಲಿರುವ ಅದನ್ನು 1959ರಲ್ಲಿ ನೆಹರೂ ಉದ್ಘಾಟಿಸಿದರು, ಪ್ರವೇಶಕ್ಕೆ ಹಣವಿಲ್ಲ, ಜನಸಂದಣಿಯೂ ಇಲ್ಲ. ಗಾಂಧೀಜಿ ಹತ್ಯೆಯಾದಾಗ ಉಟ್ಟಿದ್ದ, ರಕ್ತದ ಕಲೆಯಿರುವ ಬಟ್ಟೆ ಅಲ್ಲಿದೆ. ಅವರು 1921ರ ಸೆಪ್ಟೆಂಬರ್‌ನಲ್ಲಿ ಅಂಗಿ, ಟೋಪಿ ತ್ಯಜಿಸಿ ತುಂಡು ಪಂಚೆಗೆ ಇಳಿದದ್ದೂ ಇದೇ ಊರಿನಲ್ಲಿ, ನಾವು ಇಡ್ಲಿ ತಿಂದ ಆ ಮಾಸಿ ಬೀದಿಯ ಮನೆಯೊಂದರಲ್ಲಿ.

ಮಲ್ಲಿಗೆಯನ್ನು ಹೊರಡುವ ಹೊತ್ತಿಗೆ ಕೊಳ್ಳಿ, ಬೆಲೆ ದಿನದಿನಕ್ಕೂ ಬೇರೆ. ಮೊಳದ ಲೆಕ್ಕದಲ್ಲಿ ಅಳೆಯುವುದರಿಂದ ಎರಡು ಕಡೆ ವಿಚಾರಿಸಿ. ಅರಳಿದ ಹೂವು ಬೇಡ, ಮೊಗ್ಗನ್ನೇ ಕೇಳಿ ಒದ್ದೆ ಬಾಳೆಲೆಯಲ್ಲಿ ಕಟ್ಟಿಸಿಕೊಳ್ಳಿ. ಭಾನುವಾರ ಸಂಜೆ ನಾವು ರೈಲು ಹತ್ತುವ ಮುನ್ನ ಕೊಂಡ ಮೂರು ಮೊಳ, ಬೆಳಿಗ್ಗೆ ಬೆಂಗಳೂರಿನಲ್ಲಿ ಎಲೆ ಬಿಚ್ಚಿದಾಗ ಒಂದು ಎಸಳೂ ಬಾಡಿರಲಿಲ್ಲ.