ನಜರೆಗೆ ಹೋಗುವುದು ನೋಡಲಿಕ್ಕೆ, ಅಲೆ ಹತ್ತುವುದು ಬಲೆಯಾಲ್‌ನಲ್ಲಿ

ಕಳೆದ ನವೆಂಬರ್‌ನಲ್ಲಿ ನಾವು ನಾಲ್ವರು ಗೆಳೆಯರು ಪೋರ್ಚುಗಲ್‌ಗೆ ಹೋಗಿ ಬಂದೆವು. ನಾಲ್ವರೂ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತವರು. ಎದೆಮಟ್ಟದ ಅಲೆ ಬಂದರೆ ಬೋರ್ಡ್ ಮೇಲೆ ಎದ್ದು ನಿಲ್ಲುವಷ್ಟು ಬರುತ್ತದೆ. ದೈತ್ಯ ಅಲೆಗಳಿಗೆ ಹೆಸರಾದ ಅಲ್ಲಿನ ಕಡಲ ತೀರದ ಊರು ನಜರೆಯ ವಿಡಿಯೋಗಳನ್ನು ವರ್ಷಗಟ್ಟಲೆ ನೋಡಿದ್ದೆವು. ಕೋಟೆಯ ಮೇಲೆ ಇರುವೆಗಳಂತೆ ನಿಂತ ಜನ, ಅವರ ಹಿಂದೆ ಗೋಡೆಯ ಹಾಗೆ ಏಳುವ ನೀರು. ಅದನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು ಅಂತ ಹೊರಟೆವು.

ಮೊದಲು ನಾವು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ನಜರೆಯಲ್ಲಿ ಐದು ರಾತ್ರಿಗೆ ರೂಮ್ ಬುಕ್ ಮಾಡಿ, ಪೂರ್ತಿ ದುಡ್ಡು ಮುಂಗಡ ಕಟ್ಟಿದ್ದೆವು. ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಇಲ್ಲ. ತಲುಪಿದ ದಿನ ಕಡಲು ಕೆರೆಯ ಹಾಗೆ ಮಲಗಿತ್ತು. ಎರಡನೇ ದಿನವೂ ಅಷ್ಟೇ. ದೊಡ್ಡ ಅಲೆಗಳ ಕಾಲ ಅಕ್ಟೋಬರ್‌ನಿಂದ ಮಾರ್ಚ್ ಎನ್ನುವುದು ನಿಜ. ಆದರೆ ಆ ಆರು ತಿಂಗಳಲ್ಲಿ ನಿಜವಾಗಿ ದೊಡ್ಡ ಅಲೆ ಏಳುವ ದಿನಗಳು ಕಡಿಮೆ. ದೂರದ ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದು, ಅದರ ಅಲೆಗಳು ಇಲ್ಲಿಯ ತನಕ ಬರಬೇಕು. ನಮ್ಮ ಟಿಕೆಟ್ ತಾರೀಖು ಕಡಲಿಗೆ ಗೊತ್ತಿರುವುದಿಲ್ಲ ಅಲ್ವಾ?

ಆದ್ದರಿಂದ ಕನಿಷ್ಠ ಹತ್ತು ದಿನ ಇಟ್ಟುಕೊಳ್ಳಿ. ರದ್ದು ಮಾಡಲು ಬರುವ ರೂಮ್ ಮಾತ್ರ ಹಿಡಿಯಿರಿ. ವಾಸಕ್ಕೆ ಪೆನಿಶ್ ಎಂಬ ಊರಿನ ಪಕ್ಕದ ಬಲೆಯಾಲ್ ಆರಿಸಿಕೊಳ್ಳಿ. ಅಲ್ಲಿಂದ ನಜರೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಮೂರನೇ ದಿನ ನಾವೂ ಗಂಟುಮೂಟೆ ಕಟ್ಟಿ ಅಲ್ಲಿಗೇ ಹೋದೆವು. ಪ್ರವಾಸ ನಿಜವಾಗಿ ಶುರುವಾದದ್ದು ಆಗಲೇ.

ಪೆನಿಶ್ ಕಡಲಿನೊಳಕ್ಕೆ ಚಾಚಿದ ಭೂಮಿ. ಹಾಗಾಗಿ ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದಲ್ಲ ಒಂದು ಬದಿಯಲ್ಲಿ ಒಳ್ಳೆಯ ಅಲೆ ಸಿಗುತ್ತದೆ. ಅನುಭವಿಗಳಿಗೆ ಹತ್ತಿರದಲ್ಲೇ ಸೂಪರ್‌ಟ್ಯೂಬೋಸ್ ಇದೆ. ಅದು ಕೊಳವೆಯಂತೆ ಸುತ್ತಿಕೊಂಡು ಗಟ್ಟಿಯಾಗಿ ಬೀಳುವ ಅಲೆ, ಹೊಸಬರು ದಡದಲ್ಲೇ ನಿಂತು ನೋಡಿ. ನಮ್ಮಂಥವರಿಗೆ ಬಲೆಯಾಲ್‌ನ ಉದ್ದನೆಯ ಮರಳ ದಂಡೆಯೇ ಸರಿ. ಬೋರ್ಡ್ ಊರಿನಿಂದ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತದೆ. ನಮ್ಮ ಒಬ್ಬ ಗೆಳೆಯ ಹಟ ಮಾಡಿ ತನ್ನ ಬೋರ್ಡ್ ತಂದಿದ್ದ. ವಿಮಾನದಿಂದ ಇಳಿದಾಗ ಅದರ ಮೂತಿ ಒಡೆದಿತ್ತು.

ನೀರಿನ ಚಳಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೂಲ್ಕಿಯಲ್ಲಿ ಚಡ್ಡಿ, ಟೀ ಶರ್ಟ್‌ನಲ್ಲಿ ಕಡಲಿಗೆ ಇಳಿಯುತ್ತೇವೆ. ಇಲ್ಲಿ ಚಳಿಗಾಲದಲ್ಲಿ ನೀರು 15 ಡಿಗ್ರಿ ಆಸುಪಾಸು. ಎದೆಗೆ 4, ಕೈಕಾಲಿಗೆ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ಅಂದರೆ ಮೈಗೆ ಅಂಟಿ ಕೂರುವ ರಬ್ಬರಿನಂಥ ಉಡುಪು, ಬೇಕೇ ಬೇಕು. ಹಿಂದಿನ ದಿನದ ಒದ್ದೆ ವೆಟ್‌ಸೂಟಿಗೆ ಬೆಳಿಗ್ಗೆ ಕಾಲು ತೂರಿಸುವುದೇ ಕಷ್ಟದ ಕೆಲಸ. ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ತೂರಿಸಿದರೆ ಸಲೀಸಾಗಿ ಜಾರುತ್ತದೆ. ಮೊದಲ ಅಲೆ ಮುಖಕ್ಕೆ ಬಡಿದಾಗ ಹಣೆ ಜುಮ್ಮೆಂದು ಸಿಡಿಯುತ್ತದೆ. ಹತ್ತು ನಿಮಿಷ ತಡೆದುಕೊಳ್ಳಿ, ಆಮೇಲೆ ಮೈ ಒಗ್ಗುತ್ತದೆ. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ನೀರಲ್ಲಿ ಇರಬೇಡಿ. ಬೆರಳು ಮರಗಟ್ಟಿದರೆ ಬೋರ್ಡ್ ಮೇಲಿನ ಹಿಡಿತವೇ ತಪ್ಪುತ್ತದೆ.

ದಿನಾ ರಾತ್ರಿ ಊಟದ ಮೇಲೆ ಮುನ್ಸೂಚನೆ ನೋಡುತ್ತಿದ್ದೆವು. ಅಲೆಯ ಎತ್ತರ ಒಂದನ್ನೇ ನೋಡಬೇಡಿ. ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಎಷ್ಟು ಸೆಕೆಂಡ್ ಎಂದು ನೋಡಿ. 15 ಸೆಕೆಂಡ್ ದಾಟಿದ್ದರೆ ಅಲೆಯಲ್ಲಿ ಕಸುವಿದೆ ಎಂದರ್ಥ. ಜೊತೆಗೆ ಗಾಳಿ ಕಡಿಮೆ ಇರಬೇಕು, ಇದ್ದರೂ ನೆಲದ ಕಡೆಯಿಂದ ಬೀಸಬೇಕು. ನಮ್ಮ ಏಳನೇ ದಿನಕ್ಕೆ ಇದೆಲ್ಲ ಕೂಡಿಬಂತು.

ಬೆಳಿಗ್ಗೆ ಐದೂವರೆಗೆ ಹೊರಟೆವು. ದೊಡ್ಡ ಅಲೆಯ ದಿನ ಕೋಟೆಯ ಹತ್ತಿರಕ್ಕೆ ಕಾರು ಒಯ್ಯುವ ಆಸೆ ಬಿಡಿ. ಕೆಳಗಿನ ಊರಲ್ಲಿ ನಿಲ್ಲಿಸಿ, 1889ರಲ್ಲಿ ಶುರುವಾದ, ಗುಡ್ಡ ಹತ್ತುವ ಏರು ರೈಲು ಓಡುತ್ತಿದ್ದರೆ ಅದರಲ್ಲಿ ಸೀತಿಯು ಎಂಬ ಮೇಲಿನ ಊರಿಗೆ ಹತ್ತಿ. ಅಲ್ಲಿಂದ ಸಾವೊ ಮಿಗೆಲ್ ಕೋಟೆಗೆ ಇಳಿಜಾರಿನ ನಡಿಗೆ. ನಾವು ನಸುಕಿನಲ್ಲೇ ಬಂದಿದ್ದರಿಂದ ಮೇಲೇ ಜಾಗ ಸಿಕ್ಕಿತು.

ಕಡಲು ಕಾಣುವ ಮೊದಲೇ ಸದ್ದು ಬಂತು. ಕಿವಿಗಿಂತ ಎದೆಗೆ ಮೊದಲು ತಾಗುವ ಸದ್ದು. ಕೋಟೆಯ ಉತ್ತರಕ್ಕೆ ಪ್ರಾಯಾ ದೊ ನಾರ್ತೆ. ಅಲೆ ಏಳುವುದು ಅಲ್ಲಿ. ಕಡಲ ತಳದಲ್ಲಿ 200 ಕಿಲೋಮೀಟರಿಗೂ ಉದ್ದದ ಒಂದು ಕಂದಕ ಇದೆ. ಅದರ ಬಾಯಿ ಬಂದು ನಿಲ್ಲುವುದು ಈ ದಡದ ಹತ್ತಿರ. ಆಳದ ನೀರಲ್ಲಿ ಅಲೆಯ ವೇಗ ತಗ್ಗುವುದಿಲ್ಲ. ಪಕ್ಕದ ಕಡಿಮೆ ಆಳದಲ್ಲಿ ಬರುವ ಅಲೆ ನಿಧಾನವಾಗುತ್ತದೆ. ಎರಡೂ ದಡದ ಬಳಿ ಒಂದರ ಮೇಲೊಂದು ಕೂಡಿಕೊಂಡಾಗ ನೀರು ಗುಡ್ಡವಾಗುತ್ತದೆ. ದಕ್ಷಿಣಕ್ಕಿರುವ ಊರಿನ ಬೀಚ್ ಅದೇ ಹೊತ್ತಿಗೆ ಎಷ್ಟೋ ಶಾಂತ.

ಹತ್ತು ಹದಿನೈದು ನಿಮಿಷ ಏನೂ ಇರುವುದಿಲ್ಲ. ಜನ ಫೋನ್ ನೋಡುತ್ತಾ ಇರುತ್ತಾರೆ. ಆಮೇಲೆ ದೂರದಲ್ಲಿ ಗೆರೆಗಳು ಮೂಡುತ್ತವೆ. ಜೆಟ್ ಸ್ಕಿಯೊಂದು ಸರ್ಫರ್‌ನನ್ನು ಹಗ್ಗದಲ್ಲಿ ಎಳೆದು ತಂದು ಅಲೆಯ ನೆತ್ತಿಯಲ್ಲಿ ಬಿಡುತ್ತದೆ. ನಾವು ನೋಡಿದ ಮೊದಲ ಸವಾರ ಅಕ್ಕಿ ಕಾಳಿನಷ್ಟು ಕಾಣುತ್ತಿದ್ದ. ಅವನ ಹಿಂದೆ ಬಿಳಿ ಗೆರೆ ಉದ್ದವಾಗುತ್ತಾ ಹೋಯಿತು, ಮೇಲಿನಿಂದ ನೀರು ಮಡಚಿಕೊಂಡಿತು. ಅವನು ಪಕ್ಕಕ್ಕೆ ಹೊರಬಂದಾಗ ಇಡೀ ಕೋಟೆ ಕೂಗಿತು. ನನ್ನ ಕನ್ನಡಕದ ಮೇಲೆ ಉಪ್ಪು ಕೂತಿತ್ತು. ಒರೆಸಲು ಬಟ್ಟೆ, ನೋಡಲು ಬೈನಾಕ್ಯುಲರ್ ತಪ್ಪದೆ ಒಯ್ಯಿರಿ.

2011ರಲ್ಲಿ ಅಮೆರಿಕದ ಸರ್ಫರ್ ಗ್ಯಾರೆಟ್ ಮೆಕ್‌ನಮಾರಾ ಇಲ್ಲಿ 78 ಅಡಿಯ ಅಲೆ ಏರಿದ ಮೇಲೆ ನಜರೆಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. 2020ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್ನರ್ ಏರಿದ್ದು 86 ಅಡಿ. ನನ್ನ ಮನಸ್ಸಿನಲ್ಲಿ ಉಳಿದವರು ಮಾತ್ರ ಬ್ರೆಜಿಲ್‌ನ ಸರ್ಫರ್ ಮಾಯಾ ಗಬೇರಾ. 2013ರಲ್ಲಿ ಇಲ್ಲೇ ಮುಳುಗಿ ಅವರ ಉಸಿರು ನಿಂತಿತ್ತು, ದಡದಲ್ಲಿ ಎದೆ ಒತ್ತಿ ಅವರನ್ನು ಬದುಕಿಸಲಾಯಿತು. ಅದೇ ಕಡಲಿಗೆ ಮಾಯಾ ಮತ್ತೆ ಬಂದು 2020ರಲ್ಲಿ 73.5 ಅಡಿಯ ಅಲೆ ಏರಿದರು. ಕೋಟೆಯೊಳಗೆ ಇಂಥ ಸರ್ಫರ್‌ಗಳ ಬೋರ್ಡ್‌ಗಳನ್ನು ಸಾಲಾಗಿ ಇಟ್ಟಿದ್ದಾರೆ. ಅಲೆಯ ನಡುವಿನ ಬಿಡುವಿನಲ್ಲಿ ಒಳಗೆ ಹೋಗಿ ನೋಡಿ.

ಕೆಳಗೆ ಮರಳಿಗೆ ಇಳಿದು ನೀರಿನ ಹತ್ತಿರ ಮಾತ್ರ ಸುಮ್ನೆ ಕೂಡ ಹೋಗಬೇಡಿ. ಅಲ್ಲಿಯ ಸೆಳೆತಕ್ಕೆ ಸಿಕ್ಕರೆ ಈಜು ಬಂದರೂ ಉಪಯೋಗವಿಲ್ಲ. ಬಂಡೆಯ ಅಂಚೂ ಜಾರುತ್ತದೆ.

ಬೇಕಾದ ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕಾರು ಓಡಿಸುವುದಿದ್ದರೆ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಅಲ್ಲಿ ಬಲಬದಿಯ ಸಂಚಾರ. ಕಾರು ಬೇಡವಾದರೆ ಲಿಸ್ಬನ್‌ನಿಂದ ನಜರೆಗೆ ನೇರ ಬಸ್ ಇದೆ, ಸುಮಾರು ಎರಡು ಗಂಟೆ. ಸಸ್ಯಾಹಾರಿಗಳು ಸೂಪ್ ತೆಗೆದುಕೊಳ್ಳುವಾಗಲೂ ಕೇಳಿ, ಸೊಪ್ಪಿನ ಸೂಪಿನಲ್ಲೂ ಹಂದಿಮಾಂಸದ ತುಂಡು ಇರುತ್ತದೆ. ಮೀನು ತಿನ್ನುವವರಿಗೆ ಹಬ್ಬ. ನಜರೆಯ ಬೀಚಿನಲ್ಲಿ ಹೆಂಗಸರು ಮೀನು ಸೀಳಿ, ಬಲೆಯ ಚೌಕಟ್ಟಿನ ಮೇಲೆ ಒಣಗಿಸುತ್ತಾರೆ. ಆ ವಾಸನೆ ಮೂಗಿಗೆ ಬಿದ್ದ ತಕ್ಷಣ ನಾವು ನಾಲ್ವರೂ ಒಟ್ಟಿಗೆ "ಮಲ್ಪೆ!" ಅಂದೆವು.

ಆ ದಿನ ಮಧ್ಯಾಹ್ನ ಗಾಳಿ ತಿರುಗಿತು, ಅಲೆಗಳ ಮೈ ಒಡೆಯಿತು. ಜನ ಕರಗಿದರು. ನೀವು ಆಗ ಊರಿನ ದಕ್ಷಿಣದ ಬಂದರಿಗೆ ಹೋಗಿ. ಜೆಟ್ ಸ್ಕಿಗಳು ಅಲ್ಲಿಗೇ ವಾಪಸ್ ಬರುತ್ತವೆ. ಬೆಳಿಗ್ಗೆ ಅಕ್ಕಿ ಕಾಳಿನಂತೆ ಕಂಡಿದ್ದವರು ಅಲ್ಲಿ ನೆಲದ ಮೇಲೆ ಕೂತು, ಬೋರ್ಡಿಗೆ ನಲ್ಲಿ ನೀರು ಬಿಟ್ಟು ಉಪ್ಪು ತೊಳೆಯುತ್ತಿದ್ದರು. ಒಬ್ಬನ ಕೈ ಇನ್ನೂ ನಡುಗುತ್ತಿತ್ತು.