ಲಾಭ ತೆಗೆಯಲು ಮೊದಲು ದುಡ್ಡು ಕಟ್ಟಬೇಕಂತೆ

ಮೊನ್ನೆ ಚಿಕ್ಕಪ್ಪ ಮೊಬೈಲಲ್ಲಿ ಒಂದು ಕ್ರಿಪ್ಟೋ (ಬಿಟ್‌ಕಾಯಿನ್ ತರಹದ ಡಿಜಿಟಲ್ ಹಣ) ಆ್ಯಪ್ ತೋರಿಸಿದರು. ಹಾಕಿದ್ದು ಎರಡು ಲಕ್ಷ, ಹಸಿರು ಅಂಕಿಯಲ್ಲಿ ಕಾಣುತ್ತಿದ್ದುದು ಒಂಬತ್ತು ಲಕ್ಷ ಚಿಲ್ಲರೆ. "ತೆಗೀರಿ ನೋಡೋಣ" ಅಂದೆ. ಒತ್ತಿದ ತಕ್ಷಣ ಮೆಸೇಜ್: ಮೊದಲು 30% ತೆರಿಗೆ ಕಟ್ಟಿ. ಕಟ್ಟಬೇಕಾದ್ದು ಯಾರದೋ ಹೆಸರಿನ ಯುಪಿಐಗೆ!

ಸುಳ್ಳಿನೊಳಗೆ ಒಂದು ನಿಜ ತುರುಕಿದ್ದಾರೆ ನೋಡಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ ಇರುವುದು ಹೌದು. ಚಿಕ್ಕಪ್ಪ ಪೇಪರಿನಲ್ಲಿ ಓದಿದ್ದರು, ಅದಕ್ಕೇ ನಂಬಿದ್ದರು. ಆದರೆ ಅದನ್ನು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ಆ್ಯಪ್‌ನವರಿಗಲ್ಲ. 1% ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಬೇರೆ ಇದೆ, ಕ್ರಿಪ್ಟೋ ಮಾರಿದಾಗ ಬರುವ ಹಣದಲ್ಲೇ ಅದನ್ನು ಹಿಡಿದುಕೊಳ್ಳುತ್ತಾರೆ. ನಮ್ಮ ದುಡ್ಡು ಬಿಡಿಸಲು ಮತ್ತೆ ದುಡ್ಡು ಕೇಳಿದರೆ, ಅಲ್ಲಿ ದುಡ್ಡೇ ಇಲ್ಲ ಅಂತಲೇ ಲೆಕ್ಕ.

ಶುರುವಿನಲ್ಲಿ ಐದು ಸಾವಿರ ವಾಪಸ್ ಬಂದಿತ್ತಂತೆ. ಗಾಳದ ಎರೆಹುಳ ಅದು. ದುರಾಸೆ ಅಂತ ಬೈಯುವುದು ಸುಲಭ. ನನಗನಿಸಿದ್ದು ಬೇರೆ. ಹಾಕಿದ್ದು ಹೋಯಿತು ಅಂತ ಒಪ್ಪಿಕೊಳ್ಳುವ ಸಂಕಟಕ್ಕಿಂತ ಇನ್ನಷ್ಟು ಹಾಕುವುದೇ ಹಗುರ, ಅಲ್ವಾ?

ಕೂತಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಬೇಗ ಹೇಳಿದಷ್ಟೂ ಹಣ ಹೋದ ಖಾತೆಯನ್ನು ತಡೆಹಿಡಿಯುವ ಅವಕಾಶ ಜಾಸ್ತಿ. ಆ್ಯಪ್ ಅಳಿಸಬೇಡಿ ಅಂದೆ, ಚಾಟ್, ಸ್ಕ್ರೀನ್‌ಶಾಟ್ ಎಲ್ಲ ದೂರಿಗೆ ಬೇಕು.

ನಿನ್ನೆ ಇನ್ನೊಬ್ಬ ವಾಟ್ಸಾಪ್‌ನಲ್ಲಿ ಹಾಜರ್. ಕಳೆದುಕೊಂಡ ಹಣ ಕೊಡಿಸುತ್ತಾನಂತೆ, ಫೀಸು ಮಾತ್ರ ಮುಂಚೆಯೇ ಕೊಡಬೇಕಂತೆ. ಇವನಿಗೆ ವಿಷಯ ಹೇಗೆ ಗೊತ್ತಾಯಿತು ಅಂತ ಚಿಕ್ಕಪ್ಪನಿಗೆ ಆಶ್ಚರ್ಯ. ಅದೇ ಗುಂಪಿನವನಿರಬೇಕು, ಮತ್ತಿನ್ಯಾರು! ಅವನನ್ನೂ ಬ್ಲಾಕ್ ಮಾಡಿಸಿದೆ.